ಅಜ್ಜನ ಟ್ರಂಕಿನ ರೂಪಾಯಿಗಳು
ಎರಡನೇ ಮಹಾಯುದ್ಧದ ಕಾಲದ, ಬ್ರಿಟಿಷ್ ದೊರೆ ಆರನೇ ಜಾರ್ಜ್ ಮುಖವಿರುವ ರೂಪಾಯಿ ನಾಣ್ಯಗಳೆಲ್ಲ ಅಪ್ಪಟ ಬೆಳ್ಳಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ದಯವಿಟ್ಟು ತಿದ್ದಿ ಸರ್. ತೂಕ ಮೊದಲಿನಷ್ಟೇ, 11.66 ಗ್ರಾಂ. ಆದರೆ 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ, ಅಂದ್ರೆ ಸುಮಾರು 5.8 ಗ್ರಾಂ. ಅದಕ್ಕೂ ಹಿಂದಿನದರಲ್ಲಿ 10.7 ಗ್ರಾಂವರೆಗೆ ಇರುತ್ತಿತ್ತು. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್.

ಕೊಡಗಿನಲ್ಲಿ ಫೌಜಿಗೆ ಹೋಗಿ ಬಂದವರ ಮನೆ ಜಾಸ್ತಿ ಅಲ್ವಾ, ಇಂಥ ನಾಣ್ಯ ಇನ್ನೂ ಎಷ್ಟೋ ಟ್ರಂಕುಗಳಲ್ಲಿವೆ. ಪೊನ್ನಂಪೇಟೆಯ ನಮ್ಮ ಮನೆಯಲ್ಲೂ ಅಜ್ಜ ಇಟ್ಟಿದ್ದ ಹನ್ನೊಂದು ಸಿಕ್ಕವು, ಎಲ್ಲ 1944, 45ರವು. ಮಳೆಗಾಲದ ತೇವಕ್ಕೆ ಕಪ್ಪಾಗಿದ್ದವು. ನಾನು ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ಆ ತಪ್ಪಿಗೆ ಈಗಲೂ ಬೇಜಾರಿದೆ. ಹಳೆಯ ಬಣ್ಣ ಹೋದರೆ ಸಂಗ್ರಹಕಾರರು ಕೈ ಹಾಕುವುದಿಲ್ಲ, ಉಳಿಯುವುದು ಬರೀ ಬೆಳ್ಳಿ ಬೆಲೆ. ಸುಮ್ನೆ ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಿ.

1939ರ ರೂಪಾಯಿ ಸಿಕ್ಕರೆ ಮಾತ್ರ ಅವಸರದಲ್ಲಿ ಮಾರಬೇಡಿ. ಅದು ನಿಜಕ್ಕೂ ಅಪರೂಪ, ನಕಲಿಯೂ ಜಾಸ್ತಿ. ಮೊದಲು ತಿಳಿದವರಿಗೆ ತೋರಿಸಿ. ನಡುವೆ ತೂತಿರುವ 1943ರ ಕಾಸು ಕಂಚಿನದು, ಅದನ್ನು ಬೆಳ್ಳಿ ಅಂಗಡಿಗೆ ಒಯ್ಯಬೇಡಿ, ಮಕ್ಕಳಿಗೆ ಕೊಡಿ.