ಬರೀ ಹೂಂ

ನನ್ನ ಅತ್ತೆ ಧಾರವಾಡದವರು. ನಾನು ಮೈಸೂರಿನವನು. ಮದುವೆಯಾದ ಹೊಸತರಲ್ಲಿ ಅವರ ಮನೆಗೆ ಹೋಗಿದ್ದೆ. ಸಂಜೆ ಪೇಟೆ ಕಡೆ ಹೊರಟಾಗ ಅತ್ತೆ, "ಬರೋ ಮುಂದ ಎರಡು ಮೆಂತೆ ಪಲ್ಯಾ ತೊಗೊಂಡ ಬರ್ರಿ" ಅಂದರು. ಹೂಂ ಅಂದೆ. ಎರಡು ಅಂದರೆ ಎರಡು ಪ್ಲೇಟ್ ಇರಬೇಕು. ಒಂದು ಖಾನಾವಳಿ ಹುಡುಕಿದೆ. ಬರೀ ಪಲ್ಯ ಕೊಡೋದಿಲ್ಲ ಅಂದವನನ್ನು ಹೇಗೋ ಒಪ್ಪಿಸಿ, ಎರಡು ಡಬ್ಬಿ ಬಿಸಿ ಬಿಸಿ ಪಲ್ಯ ಕಟ್ಟಿಸಿಕೊಂಡು ಬಂದೆ.

ಅತ್ತೆ ಒಂದು ಡಬ್ಬಿಯ ಮುಚ್ಚಳ ತೆಗೆದರು. ನೋಡಿದರು. ಮೆಲ್ಲಗೆ ಮುಚ್ಚಿದರು. ಹೊಸ ಅಳಿಯನಿಗೆ ಏನು ಅನ್ನೋಕಾಗುತ್ತೆ ಪಾಪ. ಒಳಗಿನಿಂದ ಹೆಂಡತಿ ನಗು ತಡೆದುಕೊಳ್ಳಲಾಗದೆ ಕೆಮ್ಮುವುದು ಕೇಳಿಸಿತು. ಧಾರವಾಡದಲ್ಲಿ ಬೇಯಿಸಿದ್ದೂ ಪಲ್ಯ, ಸಂತೆಯಲ್ಲಿ ಕಟ್ಟು ಕಟ್ಟಾಗಿ ಕೂತ ಹಸಿ ಸೊಪ್ಪೂ ಪಲ್ಯ. ನಮ್ಮ ಕಡೆ ಸೊಪ್ಪು ಒಲೆ ಹತ್ತಿ ಇಳಿದ ಮೇಲಷ್ಟೇ ಪಲ್ಯ.

ನಿಜ ಹೇಳಬೇಕೆಂದರೆ, ದಾರಿಯಲ್ಲೇ ಅನುಮಾನ ಬಂದಿತ್ತು. ಇಷ್ಟು ಚೆನ್ನಾಗಿ ಅಡುಗೆ ಮಾಡುವವರು ಪಲ್ಯ ಯಾಕೆ ಹೊರಗಿಂದ ತರಿಸುತ್ತಾರೆ? ಕೇಳಬಹುದಿತ್ತು. ದಡ್ಡ ಅಂದುಕೊಂಡಾರು ಎಂಬ ಬಿಗುಮಾನ. ಕನ್ನಡ ಬಾರದ ಅಂಗಡಿಯವನ ಹತ್ತಿರ ಆಗಿದ್ದರೆ ಎರಡು ಸಲ ಕೇಳಿ, ಕೈಸನ್ನೆ ಮಾಡಿ, ಬೆರಳು ತೋರಿಸಿ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಇಬ್ಬರದೂ ಕನ್ನಡವೇ ಅಲ್ವಾ, ಅದೇ ಮುಳುವಾಯಿತು.

ಮಂಗಳೂರಿನ ಗೆಳೆಯ ಮೆಣಸು ಹಾಕು ಅಂದರೆ ನನ್ನ ಕೈ ಈಗಲೂ ಕರಿ ಕಾಳಿನ ಡಬ್ಬಿಗೇ ಹೋಗುತ್ತದೆ. ಅವನು ಹೇಳಿದ್ದು ಮೆಣಸಿನಕಾಯಿ. ಅಮೆರಿಕದ ಆ ಕಾಯಿಯನ್ನು ಪೋರ್ಚುಗೀಸರು ಇಲ್ಲಿಗೆ ತಂದಾಗ ನಮ್ಮವರು ಹೊಸ ಖಾರಕ್ಕೆ ಹಳೆಯ ಖಾರದ ಹೆಸರನ್ನೇ ಇಟ್ಟರು. ಕರಾವಳಿಯಲ್ಲಿ ಹೊಸದೇ ಮೆಣಸಾಗಿ ಕೂತಿತು, ಹಳೆಯದು ಒಳ್ಳೆಮೆಣಸಾಯಿತು. ಸಾರು ಕೆಟ್ಟರೆ ಯಾರನ್ನು ಬೈಯೋದು?

ಹೂಂ ಎಷ್ಟು ಪೊಳ್ಳು ಎಂದು ನನ್ನ ಅಜ್ಜಿಗೆ ಗೊತ್ತಿತ್ತು. ಕಥೆ ಹೇಳುವಾಗ ನಾವು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕಥೆ ನಿಲ್ಲುತ್ತಿತ್ತು. ಆದರೆ ಅಜ್ಜಿ ಅದನ್ನೂ ನಂಬುತ್ತಿರಲಿಲ್ಲ. ನಡುವೆ ಅದೇ ದನಿಯಲ್ಲಿ, "ಆಮೇಲೆ ರಾಜ ಇಡ್ಲಿ ಮರ ಹತ್ತಿದ" ಅನ್ನುತ್ತಿದ್ದಳು. ನಾನು ನಿದ್ದೆಗಣ್ಣಲ್ಲಿ ಹೂಂ ಅಂದರೆ ದೀಪ ಆರಿಸಿ ಮಲಗಿಬಿಡುತ್ತಿದ್ದಳು.

ಇದು ಬರೀ ಪಲ್ಯದಲ್ಲಿ ಮುಗಿಯುವ ವಿಷಯವೂ ಅಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ವಿಮಾನ. ಹೊರಟು ನಿಂತ ಡಚ್ ವಿಮಾನದವರು ಟೇಕಾಫ್ ಬಗ್ಗೆ ಏನೋ ಅಂದರು. ಹೊರಡಲು ಸಿದ್ಧ ಎಂದದ್ದೋ, ಹೊರಟೆವು ಎಂದದ್ದೋ, ಎರಡಕ್ಕೂ ಹೊಂದುವ ಮಾತು. ಟವರಿನವರು "ಓಕೆ" ಅಂದರು. ಹಿಂದೆಯೇ "ಕಾಯಿರಿ, ನಾನು ಕರೆಯುತ್ತೇನೆ" ಅಂತಲೂ ಅಂದರು. ಅದೇ ಗಳಿಗೆಯಲ್ಲಿ ಎರಡನೇ ವಿಮಾನದವರೂ ಮಾತಾಡಿದ್ದರಿಂದ ರೇಡಿಯೊ ಕಿರ್ರೆಂದಿತು. ನೆಟ್ಟಗೆ ಕೇಳಿಸಿದ್ದು ಓಕೆ ಒಂದೇ. ಕಾರಣಗಳು ಬೇರೆಯೂ ಇದ್ದವು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಈಗ ರನ್‌ವೇ ವಿಷಯದಲ್ಲಿ ಬರೀ ಓಕೆ ನಡೆಯುವುದಿಲ್ಲ, ಟವರ್ ಹೇಳಿದ್ದನ್ನು ಪೈಲಟ್ ಮತ್ತೆ ಬಾಯಿಬಿಟ್ಟು ಒಪ್ಪಿಸಬೇಕು.

ನಮ್ಮ ಹೋಟೆಲಿನ ಸಪ್ಲೈಯರ್‌ಗಳಿಗೆ ಇದನ್ನು ಯಾರೂ ಕಲಿಸಲಿಲ್ಲ. "ಎರಡು ಮಸಾಲೆ, ಒಂದು ಈರುಳ್ಳಿ ಇಲ್ಲದ್ದು, ಮೂರು ಕಾಫಿ, ಒಂದಕ್ಕೆ ಸಕ್ಕರೆ ಬೇಡ, ಅಷ್ಟೇ ಅಲ್ವಾ ಸಾರ್?" ಎಂದು ನಮ್ಮ ಮಾತನ್ನು ನಮಗೇ ಒಪ್ಪಿಸಿ ಹೋಗುತ್ತಾರೆ. ಮನೆಯಲ್ಲಿ ಮಾತ್ರ ಯಾರೂ ಹೀಗೆ ಮಾಡೋದಿಲ್ಲ. ಗ್ಯಾಸ್ ಬುಕ್ ಮಾಡಿದ್ರಾ ಎಂಬ ಪ್ರಶ್ನೆಗೆ ನಾನು ಮೊಬೈಲ್ ನೋಡುತ್ತಾ ಅಂದ ಹೂಂಗಳಿಂದ ಎರಡು ಸಲ ಸಿಲಿಂಡರ್ ಖಾಲಿಯಾಗಿದೆ.

ಹಾಗಾಗಿ ಹೋದ ವಾರ ಅತ್ತೆ ಇಲ್ಲಿಗೆ ಬಂದಿದ್ದಾಗ ನಾನೂ ಹುಷಾರಾದೆ. ಮಾರ್ಕೆಟ್‌ನಿಂದ ಫೋನ್ ಮಾಡಿ, ಅವರು ಹೇಳಿದ್ದನ್ನೆಲ್ಲ ನಿಧಾನಕ್ಕೆ ಒಪ್ಪಿಸಿದೆ. "ಮೆಂತ್ಯ ಎರಡು ಕಟ್ಟು, ಹಸಿದು. ಬದನೆಕಾಯಿ ಅರ್ಧ ಕೆಜಿ, ಎಣಗಾಯಿಗೆ ಆಗೋ ಸಣ್ಣದು. ಶೇಂಗಾ ಕಾಲು ಕೆಜಿ, ಹುರಿದದ್ದಲ್ಲ. ಸರೀನಾ ಅತ್ತೆ?"

ಆ ಕಡೆ ಧಾರಾವಾಹಿಯ ಜಗಳ ಜೋರಾಗಿ ನಡೆದಿತ್ತು.

"ಹೂಂ ರೀ" ಅಂದರು ಅತ್ತೆ.