ನೇಪಾಳಕ್ಕೆ ಮನೆ ಕಟ್ಟಲು ಹೊರಟವರು ಮೊದಲು ರಿಂಗ್ ಬಗ್ಗಿಸಲು ಕಲಿಯಿರಿ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ನೇಪಾಳಕ್ಕೆ ಹೋಗಿ ಬಡವರ ಮನೆ ಕಟ್ಟುವ ಶ್ರಮದಾನ ಮಾಡಬೇಕೆಂದಿರುವ ಮಕ್ಕಳಿಗೆ ಈ ಮಾತು. ಹೋಗುವುದೇನೋ ಸುಲಭ. ನಮಗೆ ಅಲ್ಲಿ ವಿಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತುಚೀಟಿ ಸಾಕು. ಆದರೆ ಹೋದವರು ಮೊದಲ ದಿನವೇ ಕರಣೆ ಹಿಡಿದು ಗೋಡೆಗೆ ನಿಲ್ಲಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಆದಾಗ ಹಳ್ಳಿಗಳಲ್ಲಿ ಹೆಚ್ಚಾಗಿ ಬಿದ್ದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಾಡುಗಲ್ಲಿನ ಮನೆಗಳು. ನಮ್ಮ ಮುರಕಲ್ಲಿನ ಹಾಗೆ ಅದು ಚೌಕಕ್ಕೆ ಕಡಿದ ಕಲ್ಲಲ್ಲ. ಒಳಮುಖ ಬೇರೆ, ಹೊರಮುಖ ಬೇರೆ ಏಳುತ್ತದೆ, ನಡುವೆ ಚೂರುಕಲ್ಲು. ಎರಡನ್ನೂ ಹಿಡಿದಿಡುವ ಉದ್ದಕಲ್ಲು ಇಲ್ಲದಿದ್ದರೆ ನೆಲ ಅಲುಗಿದಾಗ ಗೋಡೆ ಹೊಟ್ಟೆಬಿಟ್ಟು ಸೀಳುತ್ತದೆ. ಅದಕ್ಕೇ ಪ್ರತಿ 2 ಅಡಿ ಎತ್ತರದಲ್ಲಿ, 4 ಅಡಿಗೊಂದರಂತೆ, ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಕಲ್ಲು ಕೂರಬೇಕು. ಪಂಚಾಂಗದಲ್ಲಿ ಅಂದರೆ ಅಡಿಪಾಯದ ಮೇಲ್ಮಟ್ಟದಲ್ಲಿ, ಕಿಟಕಿಯ ಕೆಳಗೆ, ಲಿಂಟಲ್ ಮಟ್ಟದಲ್ಲಿ, ಮಾಡಿನ ಅಡಿಯಲ್ಲಿ ಮನೆಯ ಸುತ್ತ ಗೋಡೆಗಳನ್ನು ಒಟ್ಟಿಗೆ ಹಿಡಿದಿಡುವ, ಎಲ್ಲೂ ತುಂಡಾಗದ ಪಟ್ಟಿ ಬರಬೇಕು. ಬಾಗಿಲು, ಕಿಟಕಿಗಳ ಮೇಲಷ್ಟೇ ಲಿಂಟಲ್ ಹಾಕಿ ಬಿಡುವ ನಮ್ಮೂರ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಕಾಂಕ್ರೀಟ್ ಪಟ್ಟಿಯಾದರೆ ಪ್ರಾಣ ಇರುವುದು ಕಬ್ಬಿಣದಲ್ಲಿ. ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯನ್ನು 135 ಡಿಗ್ರಿ ಒಳಕ್ಕೆ ಮಡಚಬೇಕು. 90ಕ್ಕೆ ನಿಲ್ಲಿಸಿದರೆ ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ಅದು ಬಿಚ್ಚಿಕೊಳ್ಳುತ್ತದೆ. ಉದ್ದ ಸರಳುಗಳು ಮೂಲೆಗೆ ಬಂದು ನಿಲ್ಲಬಾರದು, ತಿರುಗಿ ಪಕ್ಕದ ಗೋಡೆಯೊಳಗೆ ಹೋಗಬೇಕು. ಹೊಸಬರು ಬೇಗ ಕಲಿಯಬಹುದಾದ, ಮೇಸ್ತ್ರಿಗೆ ನಿಜಕ್ಕೂ ಉಪಕಾರವಾಗುವ ಕೆಲಸ ಇದೇ.

ಕಲಸುವಾಗ ಆಗುವ ಎಡವಟ್ಟು ಬೇರೆ. 1 ಪಾಲು ಸಿಮೆಂಟು, ಒಂದೂವರೆ ಹೊಯಿಗೆ, 3 ಜಲ್ಲಿ. 50 ಕಿಲೋ ಚೀಲಕ್ಕೆ ಸುಮಾರು 25 ಲೀಟರ್ ನೀರು, ಹೊಯಿಗೆ ಒದ್ದೆಯಿದ್ದರೆ ಇನ್ನೂ ಕಡಿಮೆ. ಕೈಸೋತವರು ಹಾರೆ ಹಗುರಾಗಲೆಂದು ಇನ್ನೊಂದು ಕೊಡ ಹೊಯ್ಯುತ್ತಾರೆ. ಹೆಚ್ಚಾದ ನೀರು ಆರಿಹೋದ ಮೇಲೆ ಉಳಿಯುವುದು ಸಣ್ಣಸಣ್ಣ ತೂತು, ಪಟ್ಟಿಯ ಬಲ ಅಲ್ಲೇ ಹೋಯಿತು.

ನನಗೆ ಅತಿ ಬೇಸರ ತರುವುದು ಮುಂದಿನ ಹಂತ. ಹಾಕಿದ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ 10 ದಿನ ನೀರುಣಿಸಬೇಕು. ತಂಡ ವಾರಕ್ಕೇ ಹಿಂದಿರುಗಿದರೆ ಗುಡ್ಡದ ಕೆಳಗಿಂದ ನೀರು ಹೊರುವುದು ಆ ಮನೆಯ ಹೆಂಗಸಿನ ತಲೆಗೆ. ಹಾಗಾಗಿ ಪಟ್ಟಿಯ ಕೆಲಸ ಮೊದಲೆರಡು ದಿನದಲ್ಲೇ ಮುಗಿಯಲಿ, ಇಬ್ಬರಾದರೂ ನೀರು ಹಾಕಲೆಂದೇ ಹಿಂದೆ ಉಳಿಯಲಿ. ಗೋಣಿ ಹೊದಿಸಿ ನೆನೆಸಿದರೆ ಹೊರುವ ನೀರು ಎಷ್ಟೋ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಜರಿಯುವ ಮಳೆ, ಅಲ್ಲಿನ ದಸರೆಯಾದ ದಶೈಂ ಹಬ್ಬಕ್ಕೆ ಮೇಸ್ತ್ರಿಗಳು ಸಿಗುವುದಿಲ್ಲ. ಮಾರ್ಚ್ ಒಳ್ಳೆಯದು.

ದುಡ್ಡಿನ ಲೆಕ್ಕವನ್ನೂ ಹಾಕಿ. ಭೂಕಂಪದ ನಂತರ ಅಲ್ಲಿನ ಸರಕಾರ ಒಂದು ಮನೆಗೆ ಕೊಟ್ಟ ನೆರವು 3 ಲಕ್ಷ ನೇಪಾಳಿ ರೂಪಾಯಿ, ನಮ್ಮ 1,87,500. ಹತ್ತು ಮಂದಿಯ ವಿಮಾನ ಟಿಕೆಟ್ಟನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಅಷ್ಟು ಬೆಲೆಯ ಕೆಲಸ ಕೈಯಲ್ಲಿರಬೇಕು.

ಕಲಿಯಲು ದೂರ ಹೋಗಬೇಕಿಲ್ಲ. ಕೇರಳ ಸರಕಾರದ ಲೈಫ್ ವಸತಿ ಯೋಜನೆಯ 4 ಲಕ್ಷದಲ್ಲಿ ಮನೆ ಮುಗಿಸಲು ಹೆಣಗುವವರು ನಮ್ಮ ಪಂಚಾಯತುಗಳಲ್ಲೇ ಇದ್ದಾರೆ. ನಾಲ್ಕು ಭಾನುವಾರ ಅಲ್ಲಿ ಕಲ್ಲು ಹೊತ್ತು, ರಿಂಗ್ ಬಗ್ಗಿಸಿ. ಆಮೇಲೆ ಟಿಕೆಟ್ ಮಾಡುವಾಗ ಅಲ್ಲಿನ ಮೇಸ್ತ್ರಿಯ ಕೂಲಿಯನ್ನೂ ಒಟ್ಟಿಗೆ ತೆಗೆದಿಡಿ.