ಸತ್ಯಾಂಶ: ತಿರುಗುವ ನರ್ತಕಿ ನಿಮ್ಮ ಸ್ವಭಾವವನ್ನು ಹೇಳಲಾರಳು

ಒಂಟಿಗಾಲಿನಲ್ಲಿ ತಿರುಗುವ ನರ್ತಕಿಯ ಕಪ್ಪು ನೆರಳುಚಿತ್ರವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಆಕೆ ಗಡಿಯಾರದ ಮುಳ್ಳಿನಂತೆ ತಿರುಗುವುದನ್ನು ಕಂಡವರು ಬಲಮೆದುಳಿನ ಕಲಾವಿದರು, ವಿರುದ್ಧ ದಿಕ್ಕಿನಲ್ಲಿ ಕಂಡವರು ಎಡಮೆದುಳಿನ ತರ್ಕಪ್ರಿಯರು ಎಂದು ಅದರಲ್ಲಿ ಹೇಳಲಾಗಿದೆ. ಇದು ನಿಜವಲ್ಲ, ಇದನ್ನು ನಂಬಿ ಮಗುವೊಂದಕ್ಕೆ ಗಣಿತ ಒಗ್ಗದೆಂದು ತೀರ್ಮಾನಿಸುವುದಂತೂ ಅನ್ಯಾಯ.

2003ರಲ್ಲಿ ಜಪಾನಿನ ನೊಬುಯುಕಿ ಕಯಹರ ರಚಿಸಿದ ಈ ಚಿತ್ರ ಕೇವಲ ದೃಷ್ಟಿಭ್ರಮೆ. ನೆರಳಿನಲ್ಲಿ ಆಳದ ಸುಳಿವಿಲ್ಲದ ಕಾರಣ, ಚಾಚಿದ ಕಾಲು ಆಕೆಯ ಮುಂದಿನಿಂದ ಹಾದುಹೋಗುತ್ತಿದೆಯೋ ಹಿಂದಿನಿಂದಲೋ ಎಂಬುದನ್ನು ಮೆದುಳೇ ಊಹಿಸಬೇಕಾಗುತ್ತದೆ. ಊಹೆ ಬದಲಾದರೆ ದಿಕ್ಕೂ ಬದಲಾಗುತ್ತದೆ. ಊರಿದ ಪಾದವನ್ನಷ್ಟೇ ಕೆಲಹೊತ್ತು ದಿಟ್ಟಿಸಿದರೆ ಒಬ್ಬರಿಗೇ ಎರಡೂ ದಿಕ್ಕುಗಳು ಕಾಣುವುದುಂಟು.

ಆದರೂ ಈ ನಂಬಿಕೆಯ ಬೇರು ಗಂಭೀರ ಸಂಶೋಧನೆಯಲ್ಲಿದೆ. ತೀವ್ರ ಮೂರ್ಛೆರೋಗದ ಚಿಕಿತ್ಸೆಗಾಗಿ ಮೆದುಳಿನ ಎರಡು ಗೋಳಾರ್ಧಗಳ ನಡುವಿನ ನರತಂತುಗಳ ಸೇತುವೆಯನ್ನು ಕತ್ತರಿಸಿಕೊಂಡವರನ್ನು ಪರೀಕ್ಷಿಸಿ, ಅವುಗಳ ಕೆಲಸದಲ್ಲಿ ವ್ಯತ್ಯಾಸವಿದೆಯೆಂದು ತೋರಿಸಿದ ರೋಜರ್ ಸ್ಪೆರಿ 1981ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಹೆಚ್ಚಿನವರಲ್ಲಿ ಮಾತಿನ ಹೊಣೆ ಎಡಭಾಗದ್ದೇ ಹೌದು. ಆದರೆ ಸೇತುವೆ ಇರುವ ಮೆದುಳಿನಲ್ಲಿ ಸುಮಾರು 20 ಕೋಟಿ ತಂತುಗಳು ಎರಡೂ ಭಾಗಗಳನ್ನು ಬೆಸೆದಿರುತ್ತವೆ; ಕವಿತೆ ಓದುವಾಗಲೂ ಲೆಕ್ಕ ಬಿಡಿಸುವಾಗಲೂ ಎರಡೂ ದುಡಿಯುತ್ತವೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿದಾಗ, ಇಡೀ ಒಂದು ಭಾಗವೇ ಮೇಲುಗೈ ಪಡೆದಿರುವ ವ್ಯಕ್ತಿಗಳ ವರ್ಗವೊಂದಿದೆ ಎನ್ನಲು ಆಧಾರ ಸಿಗಲಿಲ್ಲ.